ಹೊಗೆ ಕಡಿಮೆ ಮಾಡ್ತೀವಿ ಅಂತ ನಾವೇ ಮುಂದೆ ಬಂದರೆ: ಯಾವ ಯೋಜನೆ, ಯಾವ ಅನುಮತಿ?

ಪೀಣ್ಯ ಎರಡನೇ ಹಂತದಲ್ಲಿ ಗಾರ್ಮೆಂಟ್ ವಾಷಿಂಗ್ ಘಟಕ ನಡೆಸುವ ಒಬ್ಬರು ಮೊನ್ನೆ ನನ್ನ ಮೇಜಿನ ಮೇಲೆ ಮೂರು ಕಾಗದ ಇಟ್ಟರು. ಒಂದು ಝೆಡ್ ಸರ್ಟಿಫಿಕೇಟಿನ, ಅಂದರೆ ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರದ ಯೋಜನೆ ಕೊಡುವ ಪ್ರಮಾಣಪತ್ರದ ಕರಪತ್ರ. ಇನ್ನೊಂದು ಐಎಸ್ಒ 14001 ಅನ್ನುವ ಪರಿಸರ ನಿರ್ವಹಣೆಯ ಸರ್ಟಿಫಿಕೇಟ್ ಮಾಡಿಸಿಕೊಡುವವರ ಕೊಟೇಷನ್. ಮೂರನೆಯದು ಕಾರ್ಬನ್ ಕ್ರೆಡಿಟ್ ಬಗ್ಗೆ ಬಂದಿದ್ದ ಮೇಲ್‌ನ ಪ್ರಿಂಟ್. "ಸಾರ್, ಹೊರದೇಶದ ಬೈಯರ್ ಹೊಗೆ ಬಗ್ಗೆ ಕೇಳ್ತಿದ್ದಾರೆ. ಇದರಲ್ಲಿ ಯಾವುದು ಮಾಡಿಸೋಣ?" ಅಂದರು.

"ನಿಮ್ಮ ಬಾಯ್ಲರ್ ಚಿಮಣಿಯಲ್ಲಿ ಧೂಳು ಎಷ್ಟು ಬರ್ತಿದೆ?" ಅಂತ ಕೇಳಿದೆ. ಫೈಲ್ ತೆಗೆದರು. ಕೊನೆಯ ಸ್ಟ್ಯಾಕ್ ರಿಪೋರ್ಟ್, ಅಂದರೆ ಚಿಮಣಿಯ ಹೊಗೆ ಅಳೆದ ವರದಿ, ಹದಿನಾಲ್ಕು ತಿಂಗಳು ಹಳೆಯದು.

ಸಣ್ಣ ಕಾರ್ಖಾನೆಗಳಿಗೆ ಮಾಲಿನ್ಯ ಮಂಡಳಿಯಿಂದ ಬೇಕಾದ ಕನ್ಸೆಂಟ್, ಅಂದರೆ ಸಮ್ಮತಿ ಪತ್ರದ ಫೈಲ್ ಮಾಡಿಕೊಡುವುದೇ ನನ್ನ ಕೆಲಸ. ಕಾನೂನು ಕೇಳಿದ್ದಕ್ಕಿಂತ ಜಾಸ್ತಿ ಮಾಡಬೇಕು ಅನ್ನುವ ಮಾಲೀಕರು ಈಗ ಮೊದಲಿಗಿಂತ ಹೆಚ್ಚು ಬರುತ್ತಿದ್ದಾರೆ. ಅದು ನಿಜಕ್ಕೂ ಸಂತೋಷದ ವಿಷಯ. ಆದರೆ ಎಲ್ಲರೂ ಯೋಜನೆಯ ಹೆಸರು ನೋಡಿ ಆರಿಸುತ್ತಾರೆ, ಅದು ತಮ್ಮ ಕನ್ಸೆಂಟಿನ ಯಾವ ಸಾಲನ್ನು ಮುಟ್ಟುತ್ತದೆ ಅಂತ ನೋಡುವುದಿಲ್ಲ. ಸೇರುವ ತನಕ ಅದು ನಿಮ್ಮ ಇಷ್ಟ. ನೀವು ಹೇಳಿದ ಅಂಕಿ ಕನ್ಸೆಂಟಿನೊಳಗೆ ಒಮ್ಮೆ ಕೂತರೆ ಅದು ಷರತ್ತು. ಅದಕ್ಕೇ ಪ್ರತಿ ದಾರಿಗೂ ಇಲ್ಲಿ ಎರಡು ಪ್ರಶ್ನೆ ಹಾಕಿದ್ದೇನೆ. ಯಾರ ಅನುಮತಿ ಬೇಕು? ಆಗಲಿಲ್ಲ ಅಂದರೆ ಹೊರಗೆ ಬರಬಹುದಾ?

ಮೊದಲು ಕೈಯಲ್ಲಿರುವ ಕನ್ಸೆಂಟ್ ಓದಿ

1981ರ ವಾಯು ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಹೊಗೆ ಬಿಡುವ ಘಟಕಕ್ಕೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಬೇಕು. ಕಟ್ಟುವ ಮೊದಲು ಸಿಎಫ್ಇ, ನಡೆಸುವುದಕ್ಕೆ ಸಿಎಫ್ಒ. ಮಾಲಿನ್ಯ ಎಷ್ಟು ಅನ್ನುವುದರ ಮೇಲೆ ಉದ್ಯಮಗಳಿಗೆ ಬಣ್ಣದ ವರ್ಗ ಇರುತ್ತದೆ. ಬಿಳಿ ವರ್ಗದವರು ಮಾಹಿತಿ ಕೊಟ್ಟರೆ ಸಾಕು. ಹಸಿರು, ಕಿತ್ತಳೆ, ಕೆಂಪು ವರ್ಗದವರಿಗೆ ಕನ್ಸೆಂಟ್ ತಪ್ಪಿದ್ದಲ್ಲ. ಮಂಡಳಿಯ ಮುಖ್ಯ ಕಚೇರಿ ಚರ್ಚ್ ಸ್ಟ್ರೀಟಿನ ಪರಿಸರ ಭವನದಲ್ಲಿದೆ. ಅರ್ಜಿ ಹೋಗುವುದು ಆನ್‌ಲೈನ್‌ನಲ್ಲಿ.

ಸಿಎಫ್ಒ ಪತ್ರದಲ್ಲಿ ಚಿಮಣಿಗಳ ಒಂದು ಪಟ್ಟಿ ಇರುತ್ತದೆ. ಯಾವ ಚಿಮಣಿ, ಎಷ್ಟು ಎತ್ತರ, ಯಾವ ಇಂಧನ, ಏನು ನಿಯಂತ್ರಣ ಸಾಧನ, ಮಿತಿ ಎಷ್ಟು. ಆ ಪಟ್ಟಿ ಹಿಡಿದುಕೊಂಡು ಶೆಡ್ಡಿನ ಮೇಲೆ ಹತ್ತಿ ನೋಡಿ. ಪಟ್ಟಿಯಲ್ಲಿ ಇರುವುದಕ್ಕೂ ಅಲ್ಲಿ ಇರುವುದಕ್ಕೂ ತಾಳೆ ಆಗದಿದ್ದರೆ ಯಾವ ಯೋಜನೆಗೂ ಅರ್ಜಿ ಹಾಕಬೇಡಿ. ಮೊದಲು ಇದನ್ನು ಸರಿ ಮಾಡಿ. ಸೇರಿದ ಮೇಲೆ ಬರುವ ಆಡಿಟರ್ ಮೊದಲು ತೆರೆಯುವುದೇ ಈ ಪುಟ.

ಜಾಸ್ತಿ ಎಡವುವುದು ಜನರೇಟರ್ ಚಿಮಣಿಯಲ್ಲಿ. ಅದರ ಎತ್ತರಕ್ಕೆ ಸರಳ ಲೆಕ್ಕ ಇದೆ. ಜನರೇಟರ್ ಸಾಮರ್ಥ್ಯದ (ಕೆವಿಎ) ವರ್ಗಮೂಲವನ್ನು 0.2ರಿಂದ ಗುಣಿಸಿ, ಮೀಟರಿನಲ್ಲಿ ಕಟ್ಟಡದ ಎತ್ತರಕ್ಕೆ ಸೇರಿಸಿ. 250 ಕೆವಿಎ ಆದರೆ ವರ್ಗಮೂಲ ಸುಮಾರು 15.8. ಅಂದರೆ ಕಟ್ಟಡಕ್ಕಿಂತ 3.2 ಮೀಟರ್ ಮೇಲೆ. ಕಟ್ಟಡ 9 ಮೀಟರ್ ಇದ್ದರೆ ಚಿಮಣಿಯ ತುದಿ 12.2 ಮೀಟರಿಗೆ ಬರಬೇಕು. ಆಮೇಲೆ ಮೇಲೊಂದು ಮಹಡಿ ಎತ್ತಿದವರು ಚಿಮಣಿಯನ್ನು ಮರೆತೇ ಬಿಟ್ಟಿರುತ್ತಾರೆ.

ಯಾವ ಯೋಜನೆಯೂ ಇಲ್ಲದೆ, ಇಂಧನವನ್ನೇ ಬದಲಾಯಿಸುವುದು

ನನ್ನ ಪ್ರಕಾರ ಬೆಂಗಳೂರಿನ ಸಣ್ಣ ಬಾಯ್ಲರುಗಳಿಗೆ ಎಲ್ಲಕ್ಕಿಂತ ಮೊದಲು ಯೋಚಿಸಬೇಕಾದ ದಾರಿ ಇದು. ದಾಭೋಲ್‌ನಿಂದ ಬರುವ ಗ್ಯಾಸ್ ಪೈಪ್‌ಲೈನ್ 2013ರಲ್ಲಿ ಬೆಂಗಳೂರು ಮುಟ್ಟಿತು. ನಿಮ್ಮ ರಸ್ತೆಗೆ ಕೈಗಾರಿಕಾ ಲೈನ್ ಬಂದಿದೆಯಾ ಅಂತ ಮೊದಲು ವಿಚಾರಿಸಿ. ಸೌದೆ ಅಥವಾ ಫರ್ನೆಸ್ ಆಯಿಲ್ ಬಿಟ್ಟು ಗ್ಯಾಸಿಗೆ ಬಂದರೆ ಧೂಳು ಹೆಚ್ಚುಕಡಿಮೆ ಇಲ್ಲವಾಗುತ್ತದೆ. ಬೂದಿ ಸಾಗಿಸುವ ಕೆಲಸ ತಪ್ಪುತ್ತದೆ. ಪಕ್ಕದ ಮನೆಯವರು ತಾರಸಿ ಮೇಲೆ ಒಣಹಾಕಿದ ಬಟ್ಟೆಗೆ ಮಸಿ ಕೂರುವುದೂ ನಿಲ್ಲುತ್ತದೆ. ಅದಕ್ಕೆ ಯಾರೂ ಸರ್ಟಿಫಿಕೇಟ್ ಕೊಡುವುದಿಲ್ಲ, ಆದರೆ ಬೀದಿಯವರಿಗೆ ಬೇಕಾಗಿರುವುದು ಅದೇ ಅಲ್ವಾ?

ಅನುಮತಿ ಎರಡು ಕಡೆ ಬೇಕು. ಕನ್ಸೆಂಟಿನಲ್ಲಿ ಇಂಧನದ ಹೆಸರು ಬರೆದಿರುವುದರಿಂದ ಮಂಡಳಿಯಲ್ಲಿ ತಿದ್ದುಪಡಿ ಮಾಡಿಸಬೇಕು. "ಒಳ್ಳೇದಕ್ಕೆ ತಾನೇ ಬದಲಾಯಿಸಿದ್ದು, ಹೇಳುವುದು ಯಾಕೆ" ಅಂತ ಸುಮ್ಮನಿದ್ದವರು ಪರಿಶೀಲನೆ ದಿನ ತೊಂದರೆಗೆ ಸಿಕ್ಕಿದ್ದನ್ನು ನೋಡಿದ್ದೇನೆ. ಪತ್ರದಲ್ಲಿ ಸೌದೆ, ಶೆಡ್ಡಿನಲ್ಲಿ ಗ್ಯಾಸ್ ಬರ್ನರ್. ಒಳ್ಳೆಯದೋ ಕೆಟ್ಟದೋ, ಅನುಮತಿ ಇಲ್ಲದ ಬದಲಾವಣೆ ಅಂತಲೇ ಲೆಕ್ಕ. ಇನ್ನೊಂದು ಕಡೆ ಕಾರ್ಖಾನೆ ಮತ್ತು ಬಾಯ್ಲರುಗಳ ಇಲಾಖೆ. ಬರ್ನರ್ ಕೂರಿಸುವ ಮೊದಲೇ ಅವರ ಒಪ್ಪಿಗೆ ಕೇಳಿ. ಕೂರಿಸಿದ ಮೇಲೆ ಕೇಳಿದರೆ ಬಾಯ್ಲರ್ ನಿಲ್ಲಿಸಿ ಕಾಯಬೇಕಾಗಬಹುದು.

ಹೊರಗೆ ಬರಬಹುದಾ? ಸುಲಭ ಇಲ್ಲ. ಗ್ಯಾಸಿನ ರೇಟ್ ಏರಿತು ಅಂತ ಮತ್ತೆ ಸೌದೆಗೆ ಹೋಗಬೇಕಾದರೆ ಮತ್ತೆ ತಿದ್ದುಪಡಿ ಕೇಳಬೇಕು. ಕೊಳಕು ಇಂಧನದ ಕಡೆಗೆ ಹೋಗುವ ಅರ್ಜಿಗೆ ಪ್ರಶ್ನೆಗಳು ಜಾಸ್ತಿ ಬರುತ್ತವೆ, ಬರಲೇಬೇಕು. ಗ್ಯಾಸ್ ಲೈನ್ ಕೈಕೊಟ್ಟರೆ ಅಂತ ಡೀಸೆಲನ್ನೂ ಬದಲಿ ಇಂಧನವಾಗಿ ಇಟ್ಟುಕೊಳ್ಳುವ ಯೋಚನೆ ಇದ್ದರೆ ಮೊದಲ ಅರ್ಜಿಯಲ್ಲೇ ಬರೆಯಿರಿ.

ಝೆಡ್: ಖರ್ಚು ಕಡಿಮೆ, ಆದರೆ ಯಾವ ಮೆಟ್ಟಿಲು ಅಂತ ನೋಡಿ

ಕೇಂದ್ರದ ಎಂಎಸ್ಎಂಇ (ಸಣ್ಣ ಮತ್ತು ಮಧ್ಯಮ ಉದ್ಯಮಗಳ) ಸಚಿವಾಲಯ 2022ರ ಏಪ್ರಿಲ್‌ನಲ್ಲಿ ಹೊಸ ರೂಪದಲ್ಲಿ ಶುರು ಮಾಡಿದ ಯೋಜನೆ ಇದು. ಉದ್ಯಮ್ ನೋಂದಣಿ ಇದ್ದರೆ ಸಾಕು, ಪ್ರತಿಜ್ಞೆ ತೆಗೆದುಕೊಂಡು ಸೇರಬಹುದು. ಬ್ರಾಂಜ್, ಸಿಲ್ವರ್, ಗೋಲ್ಡ್ ಅಂತ ಮೂರು ಮೆಟ್ಟಿಲು. ಸರ್ಟಿಫಿಕೇಟಿನ ಶುಲ್ಕ ಕ್ರಮವಾಗಿ 10,000, 40,000, 90,000 ರೂಪಾಯಿ. ಅದರಲ್ಲಿ ಅತಿ ಸಣ್ಣ ಘಟಕಕ್ಕೆ ಶೇ 80, ಸಣ್ಣದಕ್ಕೆ ಶೇ 60, ಮಧ್ಯಮಕ್ಕೆ ಶೇ 50 ಸಬ್ಸಿಡಿ. ಮಹಿಳೆಯರ ಒಡೆತನದ ಘಟಕಕ್ಕೆ ಪೂರ್ತಿ ಮಾಫಿ.

ಬ್ರಾಂಜ್‌ನಲ್ಲಿ ನೋಡುವುದು ಐದು ವಿಷಯ: ನಾಯಕತ್ವ, ಸ್ವಚ್ಛ ಜಾಗ, ಸುರಕ್ಷತೆ, ಸಮಯಕ್ಕೆ ಡೆಲಿವರಿ, ಗುಣಮಟ್ಟ. ಇದರಲ್ಲಿ ಚಿಮಣಿ ಎಲ್ಲಿದೆ? ಇಲ್ಲ. ಪರಿಸರ ನಿರ್ವಹಣೆ ಅನ್ನುವ ವಿಷಯ ಬರುವುದು ಹದಿನಾಲ್ಕು ವಿಷಯಗಳ ಸಿಲ್ವರ್‌ನಲ್ಲಿ. ಹೊಗೆಗೋಸ್ಕರ ಝೆಡ್ ಮಾಡಿಸುವುದಾದರೆ ಸಿಲ್ವರ್‌ಗೆ ಗುರಿ ಇಡಿ. ಬ್ರಾಂಜ್ ಮೊದಲ ಹೆಜ್ಜೆ ಅಂತ ಮಾಡಿಸಿಕೊಳ್ಳಿ, ಬೇಡ ಅನ್ನುವುದಿಲ್ಲ. ಅದನ್ನು ಬೈಯರ್‌ಗೆ ಕಳಿಸಿ "ನಮ್ಮ ಗಾಳಿ ಶುದ್ಧ" ಅನ್ನಬೇಡಿ, ಅಷ್ಟೇ.

ಮಂಡಳಿಯ ಅನುಮತಿ ಇದಕ್ಕೆ ಬೇಕಿಲ್ಲ, ಕನ್ಸೆಂಟನ್ನು ಇದು ಮುಟ್ಟುವುದಿಲ್ಲ. ಬೇಡ ಅಂದರೆ ಮುಂದಿನ ಮೆಟ್ಟಿಲು ಹತ್ತದೆ ಇರಬಹುದು. ಹೊಸಬರಿಗೆ ಇದಕ್ಕಿಂತ ಅಪಾಯ ಕಡಿಮೆ ಇರುವ ದಾರಿ ಇಲ್ಲ.

ಐಎಸ್ಒ 14001

ಇದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಇದು ವ್ಯವಸ್ಥೆಯ ಸರ್ಟಿಫಿಕೇಟ್, ಹೊಗೆಯ ಮಿತಿಯ ಸರ್ಟಿಫಿಕೇಟ್ ಅಲ್ಲ. ಇಷ್ಟೇ ಮಿಲಿಗ್ರಾಂ ಇರಬೇಕು ಅಂತ ಅದು ಎಲ್ಲೂ ಹೇಳುವುದಿಲ್ಲ. ನಿಮಗೆ ಅನ್ವಯಿಸುವ ಕಾನೂನು ಗೊತ್ತಿದೆಯಾ, ಪಾಲಿಸುವ ಕ್ರಮ ಇದೆಯಾ, ತಪ್ಪಾದರೆ ತಿದ್ದಿಕೊಳ್ಳುತ್ತೀರಾ ಅಂತ ನೋಡುತ್ತದೆ. ಮೂರು ವರ್ಷದ ಸರ್ಟಿಫಿಕೇಟ್, ನಡುವೆ ಆಡಿಟ್ ಇರುತ್ತದೆ. ರಫ್ತು ಮಾಡುವವರಿಗೆ ಬೈಯರ್ ಹೆಸರು ಹಿಡಿದು ಕೇಳಿದರೆ ಮಾಡಿಸಿ. ಯಾರೂ ಕೇಳದೆ ಇದ್ದರೆ ಆ ದುಡ್ಡನ್ನು ಹೊಗೆಯ ಧೂಳನ್ನು ಬಟ್ಟೆ ಚೀಲದಲ್ಲಿ ಸೋಸುವ ಬ್ಯಾಗ್ ಫಿಲ್ಟರಿಗೆ ಹಾಕಿ.

ಮಂಡಳಿಯ ಸರ್ವರಿಗೆ ನಿಮ್ಮ ಚಿಮಣಿ ಜೋಡಿಸುವುದು

ಚಿಮಣಿಯಲ್ಲೇ ಉಪಕರಣ ಕೂರಿಸಿ, ಹೊಗೆಯ ಅಳತೆ ಹಗಲು ರಾತ್ರಿ ಆನ್‌ಲೈನ್‌ನಲ್ಲಿ ಹೋಗುವ ವ್ಯವಸ್ಥೆಗೆ ಓಸಿಇಎಂಎಸ್ ಅನ್ನುತ್ತಾರೆ. ಸಿಮೆಂಟ್, ಔಷಧ, ಉಷ್ಣ ವಿದ್ಯುತ್ ಥರದ ಹದಿನೇಳು ಬಗೆಯ ಹೆಚ್ಚು ಮಾಲಿನ್ಯದ ಉದ್ಯಮಗಳಿಗೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2014ರಲ್ಲಿ ಇದನ್ನು ಕಡ್ಡಾಯ ಮಾಡಿತು. ಆ ಪಟ್ಟಿಯಲ್ಲಿ ಇಲ್ಲದವರು ತಾವಾಗಿಯೇ ಹಾಕಿಸಿಕೊಂಡರೆ ಅದು ದೊಡ್ಡ ಮಾತು. ನಮ್ಮ ಹೊಗೆಯನ್ನು ಯಾವಾಗ ಬೇಕಾದರೂ ನೋಡಿ ಅಂತ ಬಾಗಿಲು ತೆರೆದಿಟ್ಟ ಹಾಗೆ. ನನಗೆ ಅಂಥವರ ಮೇಲೆ ತುಂಬಾ ಗೌರವ ಇದೆ.

ಆದರೂ ಎಲ್ಲರಿಗೂ ಇದನ್ನು ಹೇಳುವುದಿಲ್ಲ. ಕಾರಣ ತಾಂತ್ರಿಕ. ವೆಟ್ ಸ್ಕ್ರಬ್ಬರ್ (ನೀರು ಸಿಂಪಡಿಸಿ ಹೊಗೆ ತೊಳೆಯುವ ಸಾಧನ) ಇರುವ ಚಿಮಣಿಯಲ್ಲಿ ಬೆಳಕಿನ ಕಿರಣ ಹಾಯಿಸಿ ಅಳೆಯುವ ಮಾಪಕ ಹಾಕಿದರೆ ಅದು ನೀರಿನ ಹನಿಯನ್ನೂ ಧೂಳು ಅಂತಲೇ ಓದುತ್ತದೆ. ಆ ತಪ್ಪು ಅಂಕಿ ಗಂಟೆಗಟ್ಟಲೆ ನಿಮ್ಮ ಹೆಸರಿನಲ್ಲಿ ದಾಖಲಾಗುತ್ತದೆ. ಕರೆಂಟ್ ಹೋದರೆ, ಇಂಟರ್ನೆಟ್ ಕಡಿದರೆ ಡೇಟಾ ಖಾಲಿ. ಖಾಲಿ ಯಾಕೆ ಅಂತ ಕೇಳುವ ಪತ್ರ ಬರುತ್ತದೆ. ಉಪಕರಣ ಕೊಂಡರೆ ಮುಗಿಯಲಿಲ್ಲ. ಕ್ಯಾಲಿಬ್ರೇಷನ್, ವಾರ್ಷಿಕ ಮೇಂಟೆನೆನ್ಸ್, ನೋಡಿಕೊಳ್ಳುವುದಕ್ಕೆ ಒಬ್ಬ ಹುಡುಗ, ಎಲ್ಲ ಬೇಕು.

ನನ್ನ ಸಲಹೆ: ಮೊದಲ ಆರು ತಿಂಗಳು ಮಾಪಕ ಹಾಕಿ, ನೀವು ಮಾತ್ರ ನೋಡಿ. ಪ್ರತಿ ಏರಿಕೆಗೂ ಕಾರಣ ಬರೆದಿಡಿ. ಬೆಳಗ್ಗೆ ಬಾಯ್ಲರ್ ಹೊತ್ತಿಸಿದಾಗ, ಸೌದೆ ಒಟ್ಟಿದಾಗ, ಬ್ಯಾಗ್ ತೂತಾದಾಗ. ಕಾರಣ ಗೊತ್ತಿಲ್ಲದ ಏರಿಕೆ ಒಂದೂ ಉಳಿದಿಲ್ಲ ಅಂದ ದಿನ ಮಂಡಳಿಗೆ ಪತ್ರ ಬರೆಯಿರಿ. ಒಮ್ಮೆ ಜೋಡಿಸಿ, ಅದು ಷರತ್ತಾಗಿ ಬಂದರೆ ಕಿತ್ತು ಹಾಕುವ ಹಾಗಿಲ್ಲ.

ಮಾರುಕಟ್ಟೆಯ ದಾರಿ: ಧೂಳಿಗೂ ಇಂಗಾಲಕ್ಕೂ ವ್ಯತ್ಯಾಸ ಇದೆ

ಹೊಗೆಯನ್ನು ಮಾರುಕಟ್ಟೆ ಮಾಡಿದ ಕಥೆ ಸೂರತ್‌ನದು. 2019ರಲ್ಲಿ ಧೂಳು ಬಿಡುವ ಪರ್ಮಿಟ್ಟುಗಳನ್ನು ಕಾರ್ಖಾನೆಗಳು ಕೊಂಡು ಮಾರುವ ವಹಿವಾಟು ಅಲ್ಲಿ ಶುರುವಾಯಿತು. ಧೂಳಿನ ಕಣಗಳಿಗೆ ಇದು ಜಗತ್ತಿನಲ್ಲೇ ಮೊದಲನೆಯದು ಅನ್ನುತ್ತಾರೆ. 317 ಕಾರ್ಖಾನೆಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಮಾರುಕಟ್ಟೆ, ಇನ್ನೊಂದಕ್ಕೆ ಹಳೇ ನಿಯಮ. ಮಾರುಕಟ್ಟೆ ಗುಂಪಿನಲ್ಲಿ ಧೂಳು ಶೇ 20ರಿಂದ 30ರಷ್ಟು ಇಳಿಯಿತು. ಅದು ಗುಜರಾತಿನ ಯೋಜನೆ, ನಾವು ಸೇರುವ ಹಾಗಿಲ್ಲ. ಆದರೂ ಅದರಲ್ಲಿ ಕಲಿಯುವುದು ಇದೆ.

ನಮ್ಮ ಕನ್ಸೆಂಟ್ ಲೆಕ್ಕ ಹಾಕುವುದು ಹೊಗೆಯ ದಟ್ಟಣೆಯನ್ನು, ಒಂದು ಘನ ಮೀಟರಿಗೆ ಎಷ್ಟು ಮಿಲಿಗ್ರಾಂ ಅಂತ. ಸೂರತ್ ಲೆಕ್ಕ ಹಾಕಿದ್ದು ಒಟ್ಟು ಕಿಲೋವನ್ನು. ಒಂದು ಉದಾಹರಣೆ ನೋಡಿ. ಗಂಟೆಗೆ 5,000 ಘನ ಮೀಟರ್ ಹೊಗೆ, 120 ಮಿಲಿಗ್ರಾಂ ಧೂಳು. ಅಂದರೆ ಗಂಟೆಗೆ 0.6 ಕಿಲೋ. ದಿನಕ್ಕೆ 20 ಗಂಟೆ, ವರ್ಷಕ್ಕೆ 300 ದಿನ ನಡೆಸಿದರೆ 3,600 ಕಿಲೋ! ಮೂರೂವರೆ ಟನ್ ಮಸಿ, ಒಂದೇ ಸಣ್ಣ ಚಿಮಣಿಯಿಂದ. ನಮ್ಮ ಪದ್ಧತಿಯಲ್ಲಿ ನೀವು ಪಾಳಿ ಕಡಿಮೆ ಮಾಡಿದರೂ ಮಿಲಿಗ್ರಾಂ ಬದಲಾಗುವುದಿಲ್ಲ, ಕಿಲೋ ಲೆಕ್ಕದಲ್ಲಿ ಬದಲಾಗುತ್ತದೆ. ಈ ಗುಣಾಕಾರ ನಿಮ್ಮ ಚಿಮಣಿಗೂ ಒಮ್ಮೆ ಮಾಡಿ ನೋಡಿ. ಯಾವ ಭಾಷಣಕ್ಕಿಂತಲೂ ಅದು ಮನಸ್ಸಿಗೆ ತಾಕುತ್ತದೆ.

ಇನ್ನು ಕಾರ್ಬನ್ ಕ್ರೆಡಿಟ್. 2023ರಲ್ಲಿ ಕೇಂದ್ರ ಸರ್ಕಾರ ಇದರ ಯೋಜನೆ ಹೊರಡಿಸಿತು. ದೊಡ್ಡ ಉದ್ಯಮಗಳಿಗೆ ಗುರಿ ಕಡ್ಡಾಯ, ಉಳಿದವರು ಸ್ವಂತ ಇಚ್ಛೆಯಿಂದ ಪ್ರಾಜೆಕ್ಟ್ ನೋಂದಾಯಿಸಬಹುದು. ಒಂದು ಟನ್ ಇಂಗಾಲದ ಡೈಆಕ್ಸೈಡ್ ಉಳಿಸಿದರೆ ಒಂದು ಸರ್ಟಿಫಿಕೇಟ್. ಕೇಳುವುದಕ್ಕೆ ಚೆನ್ನಾಗಿದೆ. ಒಪ್ಪಿತ ವಿಧಾನ ಬೇಕು, ಮಾನ್ಯತೆ ಪಡೆದ ಸಂಸ್ಥೆಯ ಪರಿಶೀಲನೆ ಬೇಕು.

ಸಣ್ಣವರಿಗೆ ಲೆಕ್ಕ ಕೂಡಿಬರುವುದಿಲ್ಲ. ದಿನಕ್ಕೆ 200 ಲೀಟರ್ ಫರ್ನೆಸ್ ಆಯಿಲ್ ಸುಡುವ ಬಾಯ್ಲರ್ ಗ್ಯಾಸಿಗೆ ಬಂದರೆ ವರ್ಷಕ್ಕೆ ಉಳಿಯುವುದು ಸುಮಾರು 50 ಟನ್. ಐವತ್ತು ಸರ್ಟಿಫಿಕೇಟ್ ಮಾರಿ ಪರಿಶೀಲನೆಯ ಖರ್ಚು ಹುಟ್ಟಿಸುವುದು ಕಷ್ಟ. ಸೌದೆಯಿಂದ ಗ್ಯಾಸಿಗೆ ಬಂದವರದು ಇನ್ನೂ ವಿಚಿತ್ರ. ಧೂಳು ಇಳಿಯುತ್ತದೆ. ಆದರೆ ಸೌದೆ ಮತ್ತೆ ಬೆಳೆಯುವ ಇಂಧನ, ಗ್ಯಾಸ್ ನೆಲದಡಿಯದು. ಹಾಗಾಗಿ ಇಂಗಾಲದ ಲೆಕ್ಕದಲ್ಲಿ ನೀವು ಹಿಂದಕ್ಕೇ ಹೋದ ಹಾಗೆ ಕಾಣುತ್ತದೆ. ಬೀದಿಯ ಗಾಳಿಗೆ ಒಳ್ಳೆಯದಾದದ್ದು ಕ್ರೆಡಿಟ್ಟಿನ ಪುಸ್ತಕದಲ್ಲಿ ಒಳ್ಳೆಯದಲ್ಲ. ಇದನ್ನು ಆ ಮೇಲ್ ಕಳಿಸುವವರು ಹೇಳುವುದಿಲ್ಲ.

ಅಮೆರಿಕದಲ್ಲಿ ಇಂಥದ್ದೇ ಒಂದು ದಾರಿ ಇತ್ತು. 1990ರ ಕಾನೂನಿನಲ್ಲಿ ಆಮ್ಲ ಮಳೆ ತಡೆಯುವುದಕ್ಕೆ ವಿದ್ಯುತ್ ಸ್ಥಾವರಗಳ ಗಂಧಕದ ಹೊಗೆಗೆ ಮಾರುಕಟ್ಟೆ ಮಾಡಿದಾಗ, ಬೇರೆ ಕೈಗಾರಿಕಾ ಬಾಯ್ಲರುಗಳೂ ಇಷ್ಟ ಇದ್ದರೆ ಸೇರಬಹುದು ಅಂದರು. ಅದಕ್ಕೇ ಬೇರೆ ಪರ್ಮಿಟ್. ಸೇರುವವರು ಚಿಮಣಿಗೆ ಮಾಪಕ ಹಾಕಬೇಕು, 1985ರಿಂದ 1987ರವರೆಗಿನ ಇಂಧನದ ಲೆಕ್ಕ ತೋರಿಸಬೇಕು. ಆ ಹಳೇ ಲೆಕ್ಕದ ಮೇಲೇ ಅವರ ಪಾಲು ನಿರ್ಧಾರ. ಬಿಟ್ಟು ಹೋಗುವುದಕ್ಕೂ ಬರೆದಿಟ್ಟ ನಿಯಮ ಇತ್ತು. ನಮ್ಮಲ್ಲಿ ನಾಳೆ ಯಾವ ಯೋಜನೆ ಬಂದರೂ ಮೊದಲು ಕೇಳುವುದು ಇದನ್ನೇ, ಹಿಂದಿನ ಲೆಕ್ಕ ತೋರಿಸಿ ಅಂತ. ಸೌದೆ ತೂಕದ ಚೀಟಿ, ಡೀಸೆಲ್ ಬಿಲ್, ಗ್ಯಾಸ್ ಬಿಲ್, ಒಂದನ್ನೂ ಎಸೆಯಬೇಡಿ.

ಅಂಕಿ ಬರೆಯುವ ಮೊದಲು

ಇದು ನನ್ನದೇ ತಪ್ಪು, ಹೇಳಲೇಬೇಕು. ಕೆಲವು ವರ್ಷದ ಹಿಂದೆ ಒಂದು ಘಟಕದ ವಿಸ್ತರಣೆ ಅರ್ಜಿಯಲ್ಲಿ, ಒಳ್ಳೆಯ ಮನಸ್ಸಿನಿಂದಲೇ, "ಧೂಳನ್ನು 50 ಮಿಲಿಗ್ರಾಂ ಒಳಗೆ ಇಡುತ್ತೇವೆ" ಅಂತ ಬರೆದೆ. ಮಾಲೀಕರೂ ಖುಷಿಯಿಂದ ಸಹಿ ಹಾಕಿದರು. ಬೇಸಿಗೆಯ ರಿಪೋರ್ಟಿನಲ್ಲಿ 44 ಬಂದಿತ್ತು. ಬಂದ ಕನ್ಸೆಂಟಿನಲ್ಲಿ 50 ಅಂತಲೇ ಇತ್ತು. ಆಗಸ್ಟ್ ತಿಂಗಳಲ್ಲಿ ಹಸಿ ಸೌದೆ ಬಂತು, ಟೆಸ್ಟಿನಲ್ಲಿ 82. ನೋಟಿಸ್ ಬಂತು. ಮಂಡಳಿಯವರು ನಾವು ಬರೆದುಕೊಟ್ಟಿದ್ದನ್ನೇ ಕೇಳಿದರು. ಆ ಮಾಲೀಕರ ಮುಖ ನೆನಪಾದರೆ ಈಗಲೂ ಬೇಜಾರಾಗುತ್ತದೆ. 21ನೇ ಸೆಕ್ಷನ್ನಿನ ಆರನೇ ಉಪವಿಧಿಯಲ್ಲಿ ಷರತ್ತು ಬದಲಿಸುವ ಅಧಿಕಾರ ಮಂಡಳಿಗೆ ಇದೆ. ಆದರೆ ಮೇಲಿನಿಂದ ಕೆಳಗೆ ಇಳಿಸಿಕೊಂಡ ಮಿತಿಯನ್ನು ಮತ್ತೆ ಏರಿಸಿ ಅಂತ ಕೇಳುವುದು ಸುಲಭದ ಕೆಲಸ ಅಲ್ಲ. ಇದಕ್ಕೆ ಸೇರಿಸಿ, 2024ರ ಏಪ್ರಿಲ್‌ನಿಂದ ವಾಯು ಕಾಯ್ದೆಯ ದಂಡ 10,000ದಿಂದ 15 ಲಕ್ಷ ರೂಪಾಯಿ ತನಕ ಇದೆ.

ಆವತ್ತಿನಿಂದ ನಾನು ಕೆಟ್ಟ ದಿನದ ಅಳತೆ ಇಲ್ಲದೆ ಅಂಕಿ ಬರೆಯುವುದಿಲ್ಲ. ಟೆಸ್ಟ್ ಅಂದರೆ ಏನು ಅಂತ ಒಮ್ಮೆ ನೀವೂ ಮೇಲೆ ಹತ್ತಿ ನೋಡಿ. ಲ್ಯಾಬಿನ ಹುಡುಗ ಏಣಿ ಹತ್ತಿ ಚಿಮಣಿಯಲ್ಲಿ ಅಳತೆಗೆಂದು ಬಿಟ್ಟ ತೂತಿನ (ಪೋರ್ಟ್) ಮುಚ್ಚಳ ತೆಗೆಯುತ್ತಾನೆ. ತುಕ್ಕು ಹಿಡಿದಿದ್ದರೆ ಸುತ್ತಿಗೆಯಲ್ಲಿ ಹೊಡೆಯಬೇಕು. ತುಕ್ಕು ಹಿಡಿದಿದೆ ಅಂದರೆ ತುಂಬಾ ದಿನದಿಂದ ಯಾರೂ ಅಳೆದಿಲ್ಲ ಅಂತಲೇ ಅರ್ಥ. ಸೀಮೆಸುಣ್ಣದಷ್ಟು ಬಿಳಿ ಇರುವ ತಿಂಬಲ್ ಅನ್ನುವ ಒಂದು ಪುಟ್ಟ ಫಿಲ್ಟರನ್ನು ಕೊಳವೆಯ ತುದಿಗೆ ಹಾಕಿ ಹೊಗೆಯೊಳಗೆ ಇಳಿಸುತ್ತಾನೆ. ಹೊಗೆ ಎಷ್ಟು ವೇಗದಲ್ಲಿ ಹೋಗುತ್ತಿದೆಯೋ ಅಷ್ಟೇ ವೇಗದಲ್ಲಿ ಪಂಪು ಎಳೆಯಬೇಕು. ಹೊರಗೆ ತೆಗೆದಾಗ ಅದು ಬೂದು ಬಣ್ಣಕ್ಕೆ ತಿರುಗಿರುತ್ತದೆ. ಮೊದಲಿನ ತೂಕಕ್ಕೂ ಈಗಿನ ತೂಕಕ್ಕೂ ಇರುವ ವ್ಯತ್ಯಾಸವೇ ನಿಮ್ಮ ಅಂಕಿ. ಟೆಸ್ಟ್ ದಿನ ಮಾತ್ರ ಒಣ ಸೌದೆ ಹಾಕಿಸಿದರೆ ತಿಂಬಲ್ ಬೆಳ್ಳಗೆ ಬರುತ್ತದೆ. ಅದರಿಂದ ಮೋಸ ಹೋಗುವುದು ನೀವೇ.

ಹಾಗಾದರೆ ಯಾರಿಗೆ ಯಾವುದು? ಗ್ಯಾಸ್ ಲೈನ್ ರಸ್ತೆಗೆ ಬಂದಿದ್ದರೆ, ಬಾಯ್ಲರ್ ಸಣ್ಣದಾದರೆ, ಬೇರೆ ಏನೂ ಯೋಚಿಸದೆ ಇಂಧನ ಬದಲಿಸಿ, ಜೊತೆಗೆ ಝೆಡ್ ಸಿಲ್ವರ್‌ಗೆ ಹೋಗಿ. ಗ್ಯಾಸ್ ಬರದ ಜಿಗಣಿ, ದೊಡ್ಡಬಳ್ಳಾಪುರದ ಒಳರಸ್ತೆಗಳಲ್ಲಿ ಇರುವವರು ಮೊದಲು ಸೈಕ್ಲೋನ್ (ಹೊಗೆಯನ್ನು ಸುತ್ತಿಸಿ ದಪ್ಪ ಧೂಳು ಬೀಳಿಸುವ ಸಾಧನ) ಜೊತೆ ಬ್ಯಾಗ್ ಫಿಲ್ಟರ್ ಹಾಕಿಸಿ, ಸೌದೆ ಇಡುವುದಕ್ಕೆ ಶೀಟಿನ ಸೂರು ಮಾಡಿ. ಮಳೆಗಾಲದ ಅರ್ಧ ಸಮಸ್ಯೆ ಆ ಸೂರಿನಲ್ಲೇ ಮುಗಿಯುತ್ತದೆ. ಫೌಂಡ್ರಿ, ಹೀಟ್ ಟ್ರೀಟ್‌ಮೆಂಟ್ ಥರದ ದೊಡ್ಡ ಘಟಕ, ಒಣ ಹೊಗೆ, ಒಬ್ಬ ಪರಿಸರ ಎಂಜಿನಿಯರ್ ಇದ್ದಾರೆ ಅಂದರೆ ಆನ್‌ಲೈನ್ ಮಾಪಕಕ್ಕೆ ಧೈರ್ಯ ಮಾಡಿ. ಕಾರ್ಬನ್ ಕ್ರೆಡಿಟ್ ವರ್ಷಕ್ಕೆ ಸಾವಿರಾರು ಟನ್ ಉಳಿಸುವವರ ದಾರಿ.

ಆ ವಾಷಿಂಗ್ ಘಟಕದವರು ಮೂರೂ ಕಾಗದ ವಾಪಸ್ ತೆಗೆದುಕೊಂಡು ಹೋದರು. ಹೋದ ವಾರ ಎರಡು ಸ್ಟ್ಯಾಕ್ ಟೆಸ್ಟ್ ಮಾಡಿಸಿದ್ದಾರೆ, ಒಂದು ಒಣ ಸೌದೆಯಲ್ಲಿ, ಇನ್ನೊಂದು ಬೇಕೆಂದೇ ಹಸಿಯದರಲ್ಲಿ. ಬಂದದ್ದು 96 ಮತ್ತು 171 ಮಿಲಿಗ್ರಾಂ. ಬೈಯರ್‌ಗೆ ಎರಡೂ ರಿಪೋರ್ಟ್ ಕಳಿಸುತ್ತೇನೆ, ಗ್ಯಾಸ್ ಲೈನಿಗೆ ಅರ್ಜಿ ಹಾಕಿದ ರಸೀದಿಯನ್ನೂ ಕಳಿಸುತ್ತೇನೆ ಅಂದರು. ಕನ್ಸೆಂಟ್ ತಿದ್ದುಪಡಿಯ ಫೈಲ್ ನಾನು ಇವತ್ತು ಶುರು ಮಾಡಿದೆ. ಇಂಧನದ ಸಾಲಿನಲ್ಲಿ ಗ್ಯಾಸ್, ಬದಲಿಯಾಗಿ ಡೀಸೆಲ್ ಅಂತ ಬರೆದೆ. ಮಿತಿಯ ಸಾಲಿನಲ್ಲಿ ನಿಯಮದಲ್ಲಿ ಇರುವುದನ್ನಷ್ಟೇ ಬರೆದೆ.